ವಡಗಾವಿಯಿಂದ ಖಾನಾಪುರಕ್ಕೆ: ತುಂಬುಮೈಯವರ ಬೈಸಿಕಲ್ ಉಡುಪು

ಬೆಳಗಾವಿಗೆ ಬಂದವರು ಕೋಟೆಯನ್ನು ನೋಡುವರು, ಕೋಟೆಯೊಳಗಣ ಕಮಲಬಸದಿಯನ್ನು ನೋಡುವರು, ಮರಳುವಾಗ ಮನೆಮಂದಿಗೆಂದು ಕುಂದಾದ ಪೊಟ್ಟಣ ಕಟ್ಟಿಸಿಕೊಳ್ಳುವರು. ಊರಿನ ದಕ್ಷಿಣದ ಮಗ್ಗುಲಲ್ಲಿರುವ ವಡಗಾವಿಗೆ ನೋಡುವ ಸಲುವಾಗಿಯೇ ಹೋಗುವವರು ಕಡಿಮೆ. ಅಲ್ಲಿ ಬೆರಗುಗೊಳಿಸುವ ಶಿಲ್ಪವೇನೂ ಇಲ್ಲ. ಆದರೆ ಮನುಷ್ಯನ ಮೈಗೆ ಬಟ್ಟೆಯು ಹೇಗೆ ಒಪ್ಪಬೇಕೆಂಬುದನ್ನು ಅರಿಯಬಯಸುವ ಗೃಹಸ್ಥರಿಗೆ ಅದು ಒಂದು ಒಳ್ಳೆಯ ಪಾಠಶಾಲೆಯೆಂದು ನಮಗೆ ಅನುಭವವಾಗಿದೆ.

ಶಹಾಪುರದ ನಾಥ ಪೈ ವೃತ್ತವನ್ನು ದಾಟಿ ವಡಗಾವಿಯ ಗಲ್ಲಿಗಳನ್ನು ಹೊಕ್ಕೊಡನೆ ಕಣ್ಣಿಗಿಂತ ಮೊದಲು ಕಿವಿಗೆ ಊರಿನ ಪರಿಚಯವಾಗುವದು. ಒಂದೊಂದು ಮನೆಯ ಒಳಗಿನಿಂದಲೂ ವಿದ್ಯುತ್ ಮಗ್ಗದ ಖಟಖಟ ಸಪ್ಪಳವು ಹೊರಬೀಳುತ್ತಿರುತ್ತದೆ. ಹೊಸಬರಿಗೆ ಅದು ಗದ್ದಲ; ನೇಕಾರರ ಮಕ್ಕಳಿಗೆ ಅದೇ ಜೋಗುಳ. ಮಗ್ಗವು ನಿಂತ ದಿನವೇ ಆ ಮನೆಯವರಿಗೆ ನಿದ್ದೆ ಹತ್ತುವದಿಲ್ಲ, ಏಕೆಂದರೆ ಮಗ್ಗ ನಿಂತಿತೆಂದರೆ ಒಲೆಯೂ ನಿಂತಂತೆ.

ವಡಗಾವಿ, ಶಹಾಪುರ, ಖಾಸಬಾಗಗಳು ಒಂದಕ್ಕೊಂದು ಹೊಂದಿಕೊಂಡ ನೇಕಾರರ ವಸತಿಗಳು. ಇವುಗಳಲ್ಲಿ ಶಹಾಪುರವು 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಬೆಳಗಾವಿಯಲ್ಲಿ ಇಂಗ್ಲಿಷರ ದಂಡು, ಅದರ ಮಗ್ಗುಲಲ್ಲಿಯೇ ಶಹಾಪುರದಲ್ಲಿ ಪಟವರ್ಧನರ ಆಳಿಕೆ. ಹೀಗೆ ಕೂಗಳತೆಯಲ್ಲಿ ಎರಡು ರಾಜ್ಯಗಳಿದ್ದ ಕಾಲವದು. ಶಹಾಪುರದ ಕೈಮಗ್ಗದ ಸೀರೆಗಳಿಗೆ ಆಗ ಒಳ್ಳೆಯ ಹೆಸರಿದ್ದಿತು. ಇಂದು ಕೈಮಗ್ಗಗಳು ವಿರಳವಾಗಿ, ವಿದ್ಯುತ್ ಮಗ್ಗಗಳೇ ಮನೆಗಳನ್ನು ತುಂಬಿಕೊಂಡಿವೆ. ಆದರೂ ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳು ಇಲ್ಲಿ ಇನ್ನೂ ದಿನಬಳಕೆಯ ಮಾತುಗಳಾಗಿಯೇ ಉಳಿದಿವೆ.

ನಾವು ಈ ಕೇರಿಗೆ ಹೋದದ್ದು ಸೀರೆ ಕೊಳ್ಳುವದಕ್ಕಲ್ಲ. ನಮ್ಮ ಹಿರಿಯ ಅಕ್ಕನವರು ಮೊದಲಿನಿಂದಲೂ ತುಂಬುಮೈಯವರು. ಚಿಕ್ಕಂದಿನಲ್ಲಿ ಅಣ್ಣಂದಿರ ಬೈಸಿಕಲ್ಲನ್ನು ಕದ್ದು ಹೊಡೆದು ಕಲಿತವರು. ಐವತ್ತು ದಾಟಿದ ಮೇಲೆ ಸಕ್ಕರೆಯ ಕಾಯಿಲೆಯ ಸೂಚನೆಗಳು ಕಂಡುಬರಲು, ದಿನಾಲು ಮೈ ದಣಿಯುವಂತಹ ವ್ಯಾಯಾಮ ಬೇಕೆಂದು ವೈದ್ಯರು ತಿಳಿಸಿದರು. ಓಡುವದರಿಂದ ಮೊಳಕಾಲು ನೋಯುವದು. ಬೈಸಿಕಲ್ಲಿನಲ್ಲಾದರೋ ಮೈಯ ಭಾರವನ್ನು ಬಹುಮಟ್ಟಿಗೆ ಸೀಟು ಹೊರುವದರಿಂದ ಕೀಲುಗಳಿಗೆ ಅಷ್ಟು ಪೆಟ್ಟು ತಗಲುವದಿಲ್ಲ. ಹೀಗೆಂದು ಬೈಸಿಕಲ್ಲು ಮನೆಗೆ ಬಂದಿತು. ಎಂಟು ದಿನ ಹೊಡೆದು ಅಕ್ಕನವರು ಅದನ್ನು ಪಡಸಾಲೆಯ ಗೋಡೆಗೆ ಆನಿಸಿಬಿಟ್ಟರು. ದಮ್ಮು ಹತ್ತಿತೇ ಎಂದರೆ ಇಲ್ಲ. ಕಾಲು ಸೋತವೇ ಎಂದರೆ ಇಲ್ಲ. ಬಹಳ ಕೇಳಿದ ಮೇಲೆ ನಮ್ಮ ಮನೆಯವರ ಮುಂದೆ ಮಾತ್ರ ನಿಜವನ್ನು ನುಡಿದರು. ತೊಡೆಗಳ ಒಳಮಗ್ಗುಲು ತಿಕ್ಕಿ ತಿಕ್ಕಿ ಕೆಂಪಾಗಿ ಸುಲಿದಿದ್ದಿತು. “ನನ್ನ ಮೈಗೆ ಇದು ಸಲ್ಲಾಣಿಲ್ಲ ಬಿಡ್ರಿ,” ಎಂದು ಅವರು ತೀರ್ಪು ಕೊಟ್ಟುಬಿಟ್ಟಿದ್ದರು.

ಇಂತಹ ತೀರ್ಪು ಎಷ್ಟು ಮನೆಗಳಲ್ಲಿ ಆಗಿರಬಹುದೆಂಬುದನ್ನು ವಾಚಕರೇ ಊಹಿಸಲಿ. ತುಂಬುಮೈಯವರು ವ್ಯಾಯಾಮವನ್ನು ಬಿಟ್ಟರೆ ಜನರು ಅದನ್ನು ಆಲಸ್ಯವೆನ್ನುವರು. ಬಿಟ್ಟವರು ಅದನ್ನು ತಮ್ಮ ಮೈಯ ದೋಷವೆಂದುಕೊಳ್ಳುವರು. ತಪ್ಪು ಬಟ್ಟೆಯದಿರಬಹುದೆಂದು ಯಾರಿಗೂ ಹೊಳೆಯುವದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಾವಕಾಶವಾಗಿ ಹೊಡೆಯುವವರು ಕೂಡ ನಿಮಿಷಕ್ಕೆ ಸುಮಾರು 60 ಸುತ್ತು ಪೆಡಲು ತುಳಿಯುವರು. ತಾಸಿಗೆ 3600 ಸುತ್ತು ಆಯಿತು. ಪ್ರತಿ ಸುತ್ತಿನಲ್ಲಿಯೂ ತೊಡೆಯು ಸೀಟಿನ ಮೂಗಿನ ಮಗ್ಗುಲಿಗೆ ಒಮ್ಮೆ ಉಜ್ಜುತ್ತದೆ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ತಾಸಿಗೆ 12 ಕಿಲೋಮೀಟರಿನಂತೆ ಹೋದರೆ ಎರಡು ತಾಸು ಮೀರುವದು. ಅಷ್ಟರಲ್ಲಿ ತೊಡೆಯು ಹತ್ತಿರ ಹತ್ತಿರ ಎಂಟು ಸಾವಿರ ಸಲ ಉಜ್ಜಿರುತ್ತದೆ. ಅದರ ಮೇಲೆ ಬೆವರು. ಬೆವರು ಆರಿದಂತೆ ಉಳಿಯುವ ಉಪ್ಪು. ಉಪ್ಪಿನ ಮೇಲೆ ದಪ್ಪನೆಯ ಹೊಲಿಗೆ. ಇಷ್ಟಾದ ಮೇಲೆ ಚರ್ಮವು ಸುಲಿಯದಿದ್ದರೆ ಅದೇ ಆಶ್ಚರ್ಯ. ತೆಳ್ಳಗಿನವರ ತೊಡೆಗಳ ನಡುವೆ ತೆರಪಿರುವದರಿಂದ ಅವರು ಎಂತಹ ಕೆಟ್ಟ ಉಡುಪಿನಲ್ಲಿಯೂ ನಿಭಾಯಿಸಿಕೊಳ್ಳಬಲ್ಲರು. ತುಂಬುಮೈಯವರಿಗೆ ಆ ತೆರಪಿಲ್ಲ. ಆದಕಾರಣ ಉಡುಪಿನ ಆಯ್ಕೆಯು ಅವರಿಗೆ ಶೋಕಿಯ ಮಾತಲ್ಲ, ವ್ಯಾಯಾಮವು ಉಳಿಯುವದೋ ಅಳಿಯುವದೋ ಎಂಬ ಮಾತು.

ಪೇಟೆಯಲ್ಲಿ ಸಿದ್ಧ ಉಡುಪಿನ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೆ ಸಿದ್ಧ ಉಡುಪನ್ನು ಕತ್ತರಿಸುವವರು ಮನಸ್ಸಿನಲ್ಲಿ ಒಂದು ಮೈಯನ್ನು ಇಟ್ಟುಕೊಂಡು ಕತ್ತರಿಸುವರು. ದೊಡ್ಡ ಅಳತೆ ಬೇಕೆಂದರೆ ಅದೇ ಆಕಾರವನ್ನು ಎಲ್ಲ ಕಡೆಗೂ ಹಿಗ್ಗಿಸುವರು. ಹೊಟ್ಟೆಗೆ ಸರಿಯಾದದ್ದು ತೊಡೆಗೆ ಬಿಗಿ. ತೊಡೆಗೆ ಸರಿಯಾದದ್ದು ಸೊಂಟದಲ್ಲಿ ಜೋಳಿಗೆ. ಕಾಲಿನ ಉದ್ದವಂತೂ ಕೇಳಲೇ ಬೇಡಿರಿ. ನಾವು ಹೊಕ್ಕ ಒಂದು ಅಂಗಡಿಯಲ್ಲಿ ಅಕ್ಕನವರನ್ನು ನೋಡಿ ಮಾರುವ ಹುಡುಗನು ಅಳತೆಯನ್ನು ಕೂಡ ಕೇಳದೆ “ನಿಮ್ಮದು ಸಿಗಾಣಿಲ್ರಿ” ಎಂದುಬಿಟ್ಟನು. ಅಂದೇ ವಡಗಾವಿಯ ದಾರಿಯನ್ನು ಹಿಡಿದೆವು.

ವಡಗಾವಿಯ ಮಗ್ಗಗಳು ಮುಖ್ಯವಾಗಿ ಸೀರೆಯನ್ನು ನೇಯುವವೇ ಹೊರತು ಸವಾರಿಯ ಬಟ್ಟೆಯನ್ನಲ್ಲ. ಆದರೂ ಮಗ್ಗದ ಮುಂದೆ ಒಂದು ಗಳಿಗೆ ನಿಂತವರಿಗೆ ಬಟ್ಟೆಯ ಗುಟ್ಟು ತಿಳಿಯುವದು. ಉದ್ದಕ್ಕೆ ಬಿಗಿದ ಹಾಸಿನ ನೂಲು, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು. ಇವೆರಡೂ ಎಳೆದರೆ ಜಗ್ಗವು. ಅದೇ ಬಟ್ಟೆಯನ್ನು ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದು ನೋಡಿರಿ: ತಕ್ಕಮಟ್ಟಿಗೆ ಜಗ್ಗುವದು. ಬನೀನಿನ ಬಟ್ಟೆಯಾದರೋ ನೇಯ್ದುದಲ್ಲ, ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಆದ್ದರಿಂದ ಎಲ್ಲ ಕಡೆಗೂ ಜಗ್ಗುವದು. ಕಾಲು ಮಡಚಿ ಚಾಚುವ ಸವಾರನಿಗೆ ಜಗ್ಗುವ ಬಟ್ಟೆ ಬೇಕು; ಇಲ್ಲವೆ, ಜಗ್ಗದ ಬಟ್ಟೆಯಲ್ಲಿ ಜಾಗ ಬಿಟ್ಟು ಹೊಲಿದಿರಬೇಕು. ಮೂರನೆಯ ಉಪಾಯವಿಲ್ಲ.

ನಮ್ಮ ಹಿರಿಯರು ಈ ಎರಡನೆಯ ಉಪಾಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿ ಉಡುವ ಹೆಂಗಸರು ಬೆಳಗಾವಿ ಖಾನಾಪುರಗಳ ಹಳ್ಳಿಗಳಲ್ಲಿ ಇಂದಿಗೂ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವರು, ಏರಿ ಹತ್ತುವರು, ಹೊರೆ ಹೊರುವರು. ಆ ಸೀರೆಯಲ್ಲಿ ಹೊಲಿಗೆಯೆಂಬುದೇ ಇಲ್ಲ. ಎರಡು ಕಾಲಿಗೂ ಬೇರೆ ಬೇರೆ ಬಟ್ಟೆ ಸುತ್ತಿರುವದರಿಂದ ತೊಡೆಗೆ ತೊಡೆಯು ತಿಕ್ಕುವದಿಲ್ಲ. ಮೈ ತುಂಬಿದರೆ ಒಂದು ನಿರಿಗೆ ಕಡಿಮೆ, ಇಳಿದರೆ ಒಂದು ನಿರಿಗೆ ಹೆಚ್ಚು. ಒಂದೇ ಸೀರೆ ಅತ್ತೆಗೂ ಸಲ್ಲುವದು, ಸೊಸೆಗೂ ಸಲ್ಲುವದು. ತಾಲೀಮಿನ ಪೈಲವಾನರು ಹಾಕುವ ಚಲ್ಲಣವೂ ಭಾರೀ ತೊಡೆಗಳಿಗೆಂದೇ ಹುಟ್ಟಿದ ಉಡುಪು.

ಪಶ್ಚಿಮದೇಶದ ಹೆಂಗಸರು ಇಂತಹ ಎರಡು ಕಾಲಿನ ಉಡುಪಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. 1885ರಲ್ಲಿ ಇಂದಿನ ರೂಪದ ಬೈಸಿಕಲ್ಲೂ, 1888ರಲ್ಲಿ ಡನ್ಲಪ್ಪನ ಗಾಳಿ ತುಂಬುವ ಟಾಯರೂ ಬಂದ ಮೇಲೆ ಇಂಗ್ಲಂಡದ ಹೆಂಗಸರು ಗುಂಪುಗುಂಪಾಗಿ ಬೈಸಿಕಲ್ಲನ್ನು ಹತ್ತಿದರು. ನೆಲ ಗುಡಿಸುವ ಲಂಗಗಳು ಗಾಲಿಗೆ ಸಿಕ್ಕುವದನ್ನು ಕಂಡು ಕೆಲವರು ಅಗಲವಾದ ಇಜಾರವನ್ನು ತೊಟ್ಟರು. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಮಹಿಳೆಯು ಅಂತಹ ಉಡುಪಿನಲ್ಲಿ ಬೈಸಿಕಲ್ ಹೊಡೆದುಕೊಂಡು ಸರ್ರೆ ಪ್ರಾಂತದ ಆಕಮ್ ಎಂಬ ಊರಿನ ಹೋಟೆಲಿಗೆ ಬಂದಾಗ, ಅವಳನ್ನು ಕಾಫಿಯ ಕೋಣೆಯೊಳಗೆ ಕೂಡ್ರಗೊಡಲಿಲ್ಲ. ಮರುವರ್ಷ ನ್ಯಾಯಾಲಯದಲ್ಲಿಯೂ ಅವಳ ಪಕ್ಷಕ್ಕೆ ಸೋಲಾಯಿತು. ಆ ಕಾಲಕ್ಕೆ ನಮ್ಮ ಮುತ್ತಜ್ಜಿಯರು ಕಚ್ಚೆ ಹಾಕಿಕೊಂಡು ಯಾರ ಅಪ್ಪಣೆಯನ್ನೂ ಕೇಳದೆ ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದರು.

ಹಾಗೆಂದು ಇಂದಿನ ಪೇಟೆಯ ಹೆಂಗಸರು ಕಚ್ಚೆ ಹಾಕಿ ಬೈಸಿಕಲ್ ಹತ್ತಲಿ ಎಂದು ನಾವು ಹೇಳುವದಿಲ್ಲ. ಕಚ್ಚೆಯ ಗುಣವನ್ನು ಹೊಲಿದ ಬಟ್ಟೆಗೆ ತರಬೇಕು. ಇದನ್ನು ನಮಗೆ ತೋರಿಸಿಕೊಟ್ಟವರು ವಡಗಾವಿಯ ಒಂದು ಗಲ್ಲಿಯ ವೃದ್ಧ ಸಿಂಪಿಗರು. ಅಕ್ಕನವರು ಸಂಕೋಚದಿಂದ ತಮ್ಮ ತೊಂದರೆಯನ್ನು ಅರ್ಧ ಹೇಳುವಷ್ಟರಲ್ಲಿಯೇ ಅವರು ಪೂರ್ತಿ ತಿಳಿದುಕೊಂಡರು. ಅಳತೆಗೆಂದು ಎದ್ದು ನಿಂತ ಅಕ್ಕನವರಿಗೆ, “ಕೂಡ್ರಿ ಅಕ್ಕಾರ, ನಿಂತಾಗಿನ ಮೈ ಬ್ಯಾರೆ, ಕೂತಾಗಿನ ಮೈ ಬ್ಯಾರೆ. ಸೈಕಲ್ ಮ್ಯಾಲೆ ನಿಂತು ಹೋಗವರಲ್ಲಲ್ಲ ನೀವು?” ಎಂದರು.

“ಕಾಕಾ, ಇಷ್ಟು ವರ್ಷ ಯಾರೂ ಕೂಡ್ರಿಸಿ ಅಳತಿ ತಗೊಂಡಿಲ್ಲ ನೋಡ್ರಿ,” ಎಂದು ಅಕ್ಕನವರು ನಕ್ಕರು. ಸಿಂಪಿಗರ ಸೊಸೆಯು ಒಳಗಿನಿಂದ ಒಂದು ಎತ್ತರದ ಮಣೆಯನ್ನು ತಂದಿಟ್ಟು, ಮಾವನವರು ಹೇಳಿದಂತೆ ತಾನೇ ಟೇಪನ್ನು ಹಿಡಿದು ಅಳತೆ ತೆಗೆದುಕೊಂಡಳು.

ಆ ಮಾತಿನಲ್ಲಿಯೇ ಎಲ್ಲ ಶಾಸ್ತ್ರವೂ ಅಡಗಿದೆ. ಕುಳಿತಾಗ ತೊಡೆಯು ಅಗಲವಾಗುವದು. ಆದ್ದರಿಂದ ಅದರ ಸುತ್ತಳತೆಯನ್ನು ಕುಳಿತೇ ತೆಗೆಯಬೇಕು. ಹ್ಯಾಂಡಲಿನ ಕಡೆಗೆ ಬಾಗಿದಾಗ ಬೆನ್ನು ಉದ್ದವಾಗುವದು, ಹೊಟ್ಟೆಯು ಮಡಚುವದು; ಆದ್ದರಿಂದ ಇಜಾರದ ಸೊಂಟವು ಹಿಂದೆ ಒಂದೆರಡು ಅಂಗುಲ ಎತ್ತರವಾಗಿ, ಮುಂದೆ ತಗ್ಗಾಗಿ ಇರಬೇಕು. ಎಲ್ಲ ಕಡೆಗೂ ಒಂದೇ ಎತ್ತರವಿದ್ದರೆ ಮುಂದೆ ಹೊಟ್ಟೆಯನ್ನು ಕೊರೆಯುವದು, ಹಿಂದೆ ಜಾರಿ ಮಾನವನ್ನು ಕಳೆಯುವದು. ಬಿಗಿಯಾದ ರಬ್ಬರಿನ ಪಟ್ಟಿಗಿಂತ ಅಗಲವಾದ ಪಟ್ಟಿಯಲ್ಲಿ ಪೋಣಿಸಿದ ಲಾಡಿಯು ಲೇಸು, ಏಕೆಂದರೆ ಊಟದ ಮುಂಚೆ ಬಿಗಿದು, ಊಟದ ನಂತರ ಸಡಿಲಿಸಬಹುದು.

ಎಲ್ಲಕ್ಕೂ ಮುಖ್ಯವಾದದ್ದು ಎರಡು ಕಾಲುಗಳು ಕೂಡುವ ಸ್ಥಳ. ಸಾಮಾನ್ಯ ಇಜಾರದಲ್ಲಿ ನಾಲ್ಕು ಹೊಲಿಗೆಗಳು ಬಂದು ಅಲ್ಲಿಯೇ ಗಂಟಾಗುವವು, ಮತ್ತು ಸವಾರನು ಸರಿಯಾಗಿ ಆ ಗಂಟಿನ ಮೇಲೆಯೇ ಕೂಡ್ರುವನು. ಸಿಂಪಿಗರು ಅಲ್ಲಿ ಅಂಗೈಯಗಲದ ಒಂದು ತುಂಡನ್ನು, ಶಂಕರಪೋಳಿಯ ಆಕಾರದಲ್ಲಿ ಕತ್ತರಿಸಿ, ನೂಲು ಓರೆಯಾಗಿ ಬರುವಂತೆ ಕೂಡಿಸಿದರು. ಹೊಲಿಗೆಗಳ ಗಂಟು ಒಡೆದು ಮುಂದಕ್ಕೂ ಹಿಂದಕ್ಕೂ ಸರಿಯಿತು. ಕಾಲು ಚಾಚಲು ತೆರಪೂ ಆಯಿತು. ಹಳೆಯ ಚಲ್ಲಣ ಪಾಯಿಜಾಮೆಗಳಲ್ಲಿ ಈ ತುಂಡು ಇದ್ದೇ ಇರುತ್ತಿತ್ತು. ಬಟ್ಟೆ ಉಳಿಸುವ ಹೊಸ ಕತ್ತರಿಗೆ ಅದು ಮರೆತುಹೋಗಿದೆ. ಹೊಲಿಗೆಯ ಅಂಚುಗಳನ್ನು ಒಳಗೆ ಎದ್ದು ನಿಲ್ಲದಂತೆ ಚಪ್ಪಟೆಯಾಗಿ ಮಡಚಿ ಹೊಲಿಯಬೇಕೆಂಬುದನ್ನೂ ಅವರು ನಾವು ಹೇಳುವ ಮೊದಲೇ ಬಲ್ಲವರಾಗಿದ್ದರು.

ದಿನಾಲು ಅರ್ಧ ತಾಸು, ಮುಕ್ಕಾಲು ತಾಸು ಹೊಡೆಯುವವರಿಗೆ ಇಂತಹ ಸಡಿಲವಾದ ಹತ್ತಿಯ ಇಜಾರವೂ, ಅದರೊಳಗೆ ಮೊಳಕಾಲಿನ ಸಮೀಪದ ವರೆಗೆ ಬರುವ ಬನೀನಿನ ಬಟ್ಟೆಯ ಚಡ್ಡಿಯೂ ಸಾಕು. ಚಡ್ಡಿಯು ಗಿಡ್ಡವಾಗಿದ್ದರೆ ಮೇಲಕ್ಕೆ ಸುರುಳಿ ಸುತ್ತಿ, ಇದ್ದ ತೊಂದರೆಯನ್ನು ಇಮ್ಮಡಿಗೊಳಿಸುವದು. ಉದ್ದವಾದದ್ದು ತೊಡೆಗೂ ತೊಡೆಗೂ ನಡುವೆ ಗೋಡೆಯಾಗುವದು.

ಹೆಚ್ಚು ದೂರ ಹೋಗುವವರಿಗೆ ಹತ್ತಿಯು ಅಷ್ಟು ಹಿತವಲ್ಲ. ಅದು ಬೆವರನ್ನು ಕುಡಿಯುವದು, ಆದರೆ ಬೇಗ ಆರದು. ಒದ್ದೆಯಾದ ಬಟ್ಟೆಯು ಒಣಗಿದ್ದಕ್ಕಿಂತ ಹೆಚ್ಚು ತಿಕ್ಕುವದು. ಅಂತಹವರಿಗೆ ನೈಲಾನ್ ನೂಲಿನೊಡನೆ ಲೈಕ್ರಾ ಬೆರೆಸಿ ಹೆಣೆದ ಸವಾರಿಯ ಚಡ್ಡಿಗಳು ದೊರೆಯುವವು. ರಬ್ಬರಿನಂತೆ ಜಗ್ಗಿ ಮರಳಿ ಕೂಡುವ ಈ ಲೈಕ್ರಾ ಎಂಬ ನೂಲನ್ನು ಅಮೇರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ಎಂಬ ರಸಾಯನಶಾಸ್ತ್ರಜ್ಞನು 1958ರಲ್ಲಿ ಕಂಡುಹಿಡಿದನು. ಚಡ್ಡಿಯ ಆಸನದಲ್ಲಿ ಮೆತ್ತೆಯನ್ನು ಕೂಡಿಸಿರುವರು. ಮೊದಲು ಅಲ್ಲಿ ಹದಮಾಡಿದ ಮೃದುವಾದ ತೊಗಲು ಇರುತ್ತಿತ್ತು. ಈಗ ಬೇಗ ಆರುವ ಕೃತ್ರಿಮ ಮೆತ್ತೆ ಬಂದಿದೆ. ಇದನ್ನು ಬರಿಮೈಗೆ ಹಾಕಬೇಕೇ ಹೊರತು ಒಳಗೆ ಬೇರೆ ಚಡ್ಡಿಯನ್ನು ಹಾಕಬಾರದು. ಹಾಕಿದರೆ ಅದರ ಹೊಲಿಗೆಯೇ ಮತ್ತೆ ಮೈಯನ್ನು ಕೊರೆಯುವದು. ಮೆತ್ತೆಯು ದಪ್ಪವಾದಷ್ಟೂ ಒಳ್ಳೆಯದೆಂಬುದು ಭ್ರಮೆ. ಕೂಡ್ರುವ ಎಲುಬುಗಳ ಕೆಳಗೆ ಸರಿಯಾಗಿ ಬರುವ, ಮಡಿಕೆ ಬೀಳದ ಮೆತ್ತೆಯೇ ಒಳ್ಳೆಯದು. ಹೊಟ್ಟೆ ದೊಡ್ಡದಿರುವವರಿಗೆ ಸೊಂಟದ ಪಟ್ಟಿಯ ಬದಲು ಹೆಗಲ ಮೇಲಿಂದ ಎರಡು ಪಟ್ಟಿಗಳು ಹಿಡಿದಿರುವ ಚಡ್ಡಿಯು ಬಹಳ ಹಿತ, ಏಕೆಂದರೆ ಅದು ಹೊಟ್ಟೆಯನ್ನು ಬಿಗಿಯುವದಿಲ್ಲ, ಕೆಳಗೆ ಜಾರುವದೂ ಇಲ್ಲ. ಬಹಿರ್ದೆಸೆಗೆ ಹೋಗುವಾಗ ಮಾತ್ರ, ಹೆಂಗಸರಿಗೆ ವಿಶೇಷವಾಗಿ, ಅದನ್ನು ಕಳಚುವ ತಾಪತ್ರಯವುಂಟು. ಅಂಟಿದ ಉಡುಪಿನಲ್ಲಿ ಹೊರಬೀಳಲು ನಾಚುವವರು ಅದರ ಮೇಲೆ ಸಿಂಪಿಗರು ಹೊಲಿದ ತೆಳುವಾದ ಇಜಾರವನ್ನು ತೊಡಲಿ. ಅಕ್ಕನವರು ಮಾಡಿದ್ದೂ ಅದನ್ನೇ.

ಮೇಲಿನ ಅಂಗಿಯ ಮಾತು ಸರಳ. ಹಿಂದೆ ಉದ್ದವಾಗಿಯೂ ಮುಂದೆ ಗಿಡ್ಡವಾಗಿಯೂ ಇದ್ದರೆ ಬಾಗಿದಾಗ ಬೆನ್ನು ತೆರೆಯುವದಿಲ್ಲ, ಮಡಿಲಲ್ಲಿ ಬಟ್ಟೆ ಗುಡ್ಡೆಯಾಗುವದಿಲ್ಲ. ಆದರೆ ಸೀಟಿನ ಹಿಂದೆ ಇಳಿಬಿದ್ದು ಗಾಲಿಗೆ ಸಿಕ್ಕುವಷ್ಟು ಉದ್ದ ಬೇಡ. ಕಂಕುಳಲ್ಲಿಯೂ ಆ ಶಂಕರಪೋಳಿಯ ತುಂಡು ಇರಲಿ. ತೋಳು ದಪ್ಪವಿದ್ದವರಿಗೆ ಅಲ್ಲಿಯೂ ಚರ್ಮ ಸುಲಿಯುವದುಂಟು. ಓಢಣಿಯನ್ನು ಸೊಂಟಕ್ಕೆ ಕಟ್ಟಬೇಕು. ಚೈನು ಬಲಗಡೆಗೆ ಇರುವದರಿಂದ ಇಜಾರದ ಬಲಗಾಲನ್ನು ಪಟ್ಟಿಯಿಂದ ಬಿಗಿಯಬೇಕು. ಸೀರೆಯುಟ್ಟೇ ಹೊಡೆಯುವವರು ಚೈನಿಗೆ ಪೂರಾ ಮುಚ್ಚಳವನ್ನೂ, ಹಿಂದಿನ ಗಾಲಿಗೆ ಸೆರಗು ಸಿಕ್ಕದಂತೆ ಜಾಳಿಗೆಯನ್ನೂ ಹಾಕಿಸದೆ ಹತ್ತಬಾರದು. ಬಣ್ಣವು ದೂರದಿಂದ ಕಾಣುವಂತಹದಿರಲಿ. ತುಂಬುಮೈಯವರು ಮೈಯನ್ನು ಮರೆಸಲೆಂದು ಕಪ್ಪನ್ನೇ ಆರಿಸುವರು. ಬೆಳಗಾವಿಯ ಮಳೆಗಾಲದ ಮಬ್ಬಿನಲ್ಲಿ ಕಪ್ಪು ಬಟ್ಟೆಯವರು ಲಾರಿಯ ಚಾಲಕನಿಗೂ ಮರೆಯಾಗುವರೆಂಬುದನ್ನು ನೆನೆಯಬೇಕು.

ಆಷಾಢದಲ್ಲಿ ವಡಗಾವಿಯ ಮಂಗಾಯಿ ದೇವಿಯ ಜಾತ್ರೆಯ ಗದ್ದಲ ಮುಗಿದ ಮೇಲೆ ಬಟ್ಟೆಗಳು ಸಿದ್ಧವಾದವು. ಭಾದ್ರಪದದಲ್ಲಿ ಮಳೆಯು ತೆರಪು ಕೊಟ್ಟಾಗ ಅಕ್ಕನವರು ಯಳ್ಳೂರಿನ ರಸ್ತೆಯಲ್ಲಿ ಅಭ್ಯಾಸ ಮಾಡಿದರು. ವಡಗಾವಿಯಿಂದ ಯಳ್ಳೂರಿನ ಕಡೆಗೆ ಬೆಳಗಾವಿ ಬಾಸುಮತಿಯೆಂದು ಹೆಸರಾದ ಸುವಾಸನೆಯ ಭತ್ತದ ಗದ್ದೆಗಳು. ಆಚೆಗೆ ರಾಜಹಂಸಗಡದ ಗುಡ್ಡ. ಮೊದಲ ದಿನ ಎರಡು ಮೈಲು, ಮರುವಾರ ನಾಲ್ಕು, ಹೀಗೆ ಏರುತ್ತ ಹೋಯಿತು. ಚರ್ಮವು ಕೆಂಪಾದ ದಿನ ಕೊಬ್ಬರಿಎಣ್ಣೆಯನ್ನು ಸವರಿ ವಿಶ್ರಾಂತಿ. ಬಟ್ಟೆಯನ್ನಂತೂ ಪ್ರತಿ ಸವಾರಿಯ ನಂತರ ಒಗೆದೇ ತೀರಬೇಕು. ಸಕ್ಕರೆಯ ಕಾಯಿಲೆಯುಳ್ಳವರು ಚರ್ಮವು ಸುಲಿದರೆ ಉದಾಸೀನ ಮಾಡದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಅವರ ಗಾಯವು ತಡವಾಗಿ ಮಾಯುವದು.

ದಸರೆ ಕಳೆದ ಮೇಲೆ ಒಂದು ಮುಂಜಾವಿನಲ್ಲಿ ನಾವೆಲ್ಲರೂ ಖಾನಾಪುರಕ್ಕೆ ಹೊರಟೆವು. ಅನಗೋಳವನ್ನು ಹಾಯ್ದು ಮೂರನೆಯ ರೇಲ್ವೆ ಗೇಟಿನ ಹತ್ತಿರ ದೊಡ್ಡ ರಸ್ತೆಯನ್ನು ಸೇರಿ, ಉದ್ಯಮಬಾಗದ ಕಾರಖಾನೆಗಳನ್ನೂ, ಪೀರನವಾಡಿ ಮಚ್ಛೆಗಳನ್ನೂ ದಾಟಿದರೆ ಗೋವೆಯ ಕಡೆಗೆ ಹೋಗುವ ಹೆದ್ದಾರಿಯು ತೆರೆದುಕೊಳ್ಳುವದು. ವಾಹನಗಳ ರಭಸವು ಹೆಚ್ಚಾಗುವ ಮೊದಲೇ ಹೋಗಿ ಮುಟ್ಟುವದು ಜಾಣತನ. ಬೆಳಗಾವಿಯು ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿರುವದರಿಂದ ಮುಂಜಾನೆಯ ಗಾಳಿಯು ತಣ್ಣಗಿತ್ತು. ಹೊರಡುವಾಗ ತೊಟ್ಟ ದಪ್ಪ ಅಂಗಿಯನ್ನು ಮಚ್ಛೆಯಲ್ಲಿಯೇ ಕಳಚಿ ಚೀಲಕ್ಕೆ ಸೇರಿಸಬೇಕಾಯಿತು. ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಲೇಸೆಂಬುದು ಇಲ್ಲಿ ತಿಳಿಯುವದು. ಗಣೇಬೈಲಿನ ಆಚೆಗೆ ಗಿಡಮರಗಳು ದಟ್ಟವಾಗುತ್ತ, ಮಣ್ಣು ಕೆಂಪಾಗುತ್ತ ಬಂದು ಮಲೆನಾಡಿನ ಹೊಸ್ತಿಲು ಮುಟ್ಟಿತು.

ರಸ್ತೆಯ ಬದಿಯ ಚಹದಂಗಡಿಯಲ್ಲಿ ಕೆಲ ಪೋರರು ಅಕ್ಕನವರನ್ನು ನೋಡಿ ಪಿಸುಗುಟ್ಟಿ ನಕ್ಕರು. ಅಂಗಡಿಯ ಮುದುಕಿಯು, “ಏನ್ ನಗತೀರ್ಲೆ? ನಿಮ್ಮವ್ವನ್ನ ಹತ್ತಿಸಿ ನೋಡ್ರಿ,” ಎಂದು ಗದರಿಸಿ, ಅಕ್ಕನವರಿಗೆ ತಾನೇ ನೀರು ತಂದುಕೊಟ್ಟಳು. ಉಡುಪು ತೊಡಿಸುವದು ಸಿಂಪಿಗರ ಕೈಯಲ್ಲಿದೆ. ಈ ನಗೆಯನ್ನು ನಿಲ್ಲಿಸುವದು ಮನೆಮನೆಯ ಹಿರಿಯರ ಕೈಯಲ್ಲಿದೆ.

ಖಾನಾಪುರವು ಮಲಪ್ರಭೆಯ ದಂಡೆಯ ಊರು. ಈ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆಯು ಇಲ್ಲಿಗೆ ಬರುವಷ್ಟರಲ್ಲಿ ಮೈತುಂಬಿಕೊಂಡು, ಮುಂದೆ ಬಯಲುಸೀಮೆಯನ್ನು ತಣಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವದು. ಊರಿನ ಜೇಡಿಮಣ್ಣು ಹೆಸರಾದದ್ದು. ಹೆಂಚಿನ ಕೆಲಸವೂ ಕುಂಬಾರಿಕೆಯೂ ಇಲ್ಲಿ ಹಳೆಯವು. ಅಲ್ಲಿಂದ ಸ್ವಲ್ಪ ದೂರದ ಅಸೋಗೆಯಲ್ಲಿ ಹೊಳೆಯ ಬಂಡೆಗಳ ಮಗ್ಗುಲಿಗೆ ರಾಮಲಿಂಗನ ಗುಡಿಯಿದೆ. ನಾವು ಅಲ್ಲಿಗೆ ಹೋಗಿ ಬುತ್ತಿ ಬಿಚ್ಚಿದೆವು. ಅಕ್ಕನವರು ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತರು. ಮೊಳಕಾಲು ದಣಿದಿದ್ದವು, ಬೆನ್ನು ಸ್ವಲ್ಪ ಹಿಡಿದಿತ್ತು. ಆದರೆ ತೊಡೆಯ ಚರ್ಮವು ಎಲ್ಲಿಯೂ ಸುಲಿದಿರಲಿಲ್ಲ. ಮರಳಿ ಬರುವಾಗ ಬಿಸಿಲೇರಿದ್ದರಿಂದ ಬೈಸಿಕಲ್ಲುಗಳನ್ನು ಬಾಡಿಗೆಯ ಗಾಡಿಯೊಂದರಲ್ಲಿ ಹೇರಿಸಿ ಬಂದೆವು, ಅದರಲ್ಲಿ ನಾಚಿಕೆಯೇನಿಲ್ಲ.

ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಮನೆಯಲ್ಲಿಯೂ ಪಡಸಾಲೆಯ ಗೋಡೆಗೆ ಆನಿಸಿಟ್ಟ ಬೈಸಿಕಲ್ಲೊಂದಿದ್ದರೆ, ಅದನ್ನು ಬಿಟ್ಟವರನ್ನು ಮೈಗಳ್ಳರೆಂದು ಜರೆಯುವ ಮೊದಲು ಎಲ್ಲಿ ನೋಯುತ್ತದೆಂದು ಕೇಳಿರಿ. ಹೆಂಗಸರಾದರೆ ಹೆಂಗಸರೇ ಮೆಲ್ಲಗೆ ಕೇಳಲಿ. ಬಳಿಕ ಸಮೀಪದ ಒಳ್ಳೆಯ ಸಿಂಪಿಗರಲ್ಲಿಗೆ ಕರೆದುಕೊಂಡು ಹೋಗಿ, ಕೂಡ್ರಿಸಿ ಅಳತೆ ಕೊಡಿಸಿರಿ. ಮೊದಲು ಒಂದೇ ಜೊತೆ ಹೊಲಿಸಿ, ಒಂದು ವಾರ ಹೊಡೆದು ನೋಡಿ, ಕೊರೆಯುವಲ್ಲಿ ಬಿಚ್ಚಿಸಿ ಹೊಲಿಸಿರಿ. ಇದಕ್ಕೆ ತಗಲುವ ಹಣವು ಔಷಧದ ಲೆಕ್ಕಕ್ಕಿಂತ ಹಗುರವಾಗಿಯೇ ಇರುವದು.